ಅರವತ್ತೊಂದು ಕೀಲಿಯ ಸಂಸಾರ

ಗೇಮಿಂಗ್ ಮಂದಿ ಮೆಚ್ಚುವ ‘ಸಿಕ್ಸ್ಟಿ ಪರ್ಸೆಂಟ್’ ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ ಇರುವುದು 61 ಕೀಲಿ. ಅಮೆರಿಕದ ಆಫೀಸುಗಳ ಉದ್ದನೆಯ ಕೀಬೋರ್ಡಿನಲ್ಲಿ 104. ನಂಬರ್ ಪ್ಯಾಡ್, ಬಾಣದ ಕೀಲಿಗಳು, ಮೇಲಿನ ಎಫ್ ಸಾಲು, ಡಿಲೀಟ್ ಎಲ್ಲಕ್ಕೂ ಇಲ್ಲಿ ಕತ್ತರಿ. ಗುಂಡು ಹಾರಿಸುವ ಆಟಗಳಲ್ಲಿ ಮೌಸ್ ಮೇಜಿನ ತುಂಬ ಓಡಾಡಬೇಕು, ಅದಕ್ಕೆ ಜಾಗ ಬೇಕು. ಇದನ್ನು ನ್ಯೂಜೆರ್ಸಿಯ ಮೊಮ್ಮಗ ಎಷ್ಟು ಬಿಡಿಸಿ ಹೇಳಿದರೂ, ವಿಸಿಟರ್ ವೀಸಾದಲ್ಲಿ ಬಂದಿಳಿದ ತಾತನ ಪ್ರಶ್ನೆ ಒಂದೇ: ಇಷ್ಟೊಂದು ಕೀಲಿ ಕಿತ್ತುಹಾಕಿದ ಮೇಲೆ ದುಡ್ಡನ್ನೂ ಕಮ್ಮಿ ಮಾಡಬೇಕಲ್ಲವೇ?

ಪ್ರತಿ ಕೀಲಿಯ ಕೆಳಗೂ ಸ್ಪ್ರಿಂಗ್ ಇರುವ ಒಂದೊಂದು ಸ್ವಿಚ್ ಇರುತ್ತದೆ. ಜರ್ಮನಿಯ ಚೆರಿ ಕಂಪನಿಯ ನೀಲಿ ಸ್ವಿಚ್ ಒತ್ತಿದಾಗಲೆಲ್ಲ ‘ಕ್ಲಿಕ್’ ಎನ್ನುತ್ತದೆ, ಕೆಂಪು ಎನ್ನುವುದಿಲ್ಲ. ನೀಲಿಯೇ ಹುಡುಗರ ಮೊದಲ ಪ್ರೀತಿ. ಬೇಸಿಗೆಯಲ್ಲಿ ನ್ಯೂಜೆರ್ಸಿಯ ರಾತ್ರಿ 9 ಗಂಟೆ ಎಂದರೆ ಶಿವಮೊಗ್ಗದ ಬೆಳಗಿನ 6.30. ಆಟ ಕಾವೇರುವುದೂ ಊರಿಂದ ಫೋನ್ ಬರುವುದೂ ಅದೇ ಹೊತ್ತಿಗೆ. “ಅಲ್ಲಿ ಯಾರೇ ಅಡಿಕೆ ಕತ್ತರಿಸ್ತಿರೋದು?” ಎಂದು ಅಜ್ಜಿ ಮಗಳನ್ನು ಕೇಳುತ್ತಾರೆ. ಕೆಂಪು ಸ್ವಿಚ್ ಹಾಕಿಸಿದರೆ ಕ್ಲಿಕ್ ಹೋಗುತ್ತದೆ, ತಳಕ್ಕೆ ಕುಟ್ಟುವ ಸದ್ದು ಹೋಗುವುದಿಲ್ಲ. ಕುಟ್ಟುವವನು ಅವನೇ ತಾನೇ.

ಅಪ್ಪನ ಕಷ್ಟ ವರ್ಷಕ್ಕೊಮ್ಮೆಯದು. ಏಪ್ರಿಲ್ 15ರ ಟ್ಯಾಕ್ಸ್ ಗಡುವು ಹತ್ತಿರ ಬಂದಾಗ ನಂಬರ್ ಪ್ಯಾಡ್ ನೆನಪಾಗುತ್ತದೆ. ಅದು ಬಿಡಿಯಾಗಿಯೂ ಸಿಗುತ್ತದೆ. ತಂದು ಬಲಕ್ಕಿಟ್ಟರೆ ಮೌಸಿಗೆಂದು ಉಳಿಸಿದ ಜಾಗ ಅಲ್ಲಿಗೆ ಭರ್ತಿ.

ನಿಜವಾದ ಪೇಚು ಕನ್ನಡ ಟೈಪಿಸುವವರದು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಒ’ ಮತ್ತು ಅದರ ಸ್ವರಚಿಹ್ನೆ ‘ೊ’ ಇರುವುದು 1ರ ಎಡಕ್ಕಿರುವ ಮೂಲೆಯ ಕೀಲಿಯಲ್ಲಿ. ಪುಟ್ಟ ಕೀಬೋರ್ಡಿನಲ್ಲಿ ಆ ಮೂಲೆಗೆ ಎಸ್ಕೇಪ್ ಬಂದು ಕುಳಿತಿರುತ್ತದೆ. ಹಾಗಾಗಿ ತಾತ ಊರಿಗೆ ಬರೆಯುವ ಪತ್ರದಲ್ಲಿ ‘ಮಗ’ ಸಲೀಸಾಗಿ ಬರುತ್ತಾನೆ. ‘ಸೊಸೆ’ ಬರುವುದಿಲ್ಲ, ‘ಮೊಮ್ಮಗ’ನೂ ಬರುವುದಿಲ್ಲ. ಒಬ್ಬಟ್ಟು, ಒಗ್ಗರಣೆ, ಕೊತ್ತಂಬರಿ ಸೊಪ್ಪು ಯಾವುದೂ ಇಲ್ಲದ ಅಮೆರಿಕ ವರದಿ ಊರು ತಲುಪುತ್ತದೆ, ಸೊಸೆ ಏನೂ ಮಾಡಿ ಹಾಕುವುದಿಲ್ಲವೇನೋ ಎಂಬ ಗುಮಾನಿ ಅಲ್ಲಿ ಶುರುವಾಗುತ್ತದೆ. ಅನೇಕ ಮಾದರಿಗಳಲ್ಲಿ ಎಫ್‌ಎನ್ ಕೀಲಿ ಅದುಮಿಕೊಂಡು ಎಸ್ಕೇಪ್ ಒತ್ತಿದರೆ ಆ ಸ್ವರಚಿಹ್ನೆ ಸಿಗುತ್ತದೆ, ‘ಒ’ಗೆ ಶಿಫ್ಟನ್ನೂ ಸೇರಿಸಿಕೊಳ್ಳಬೇಕು. ಎಪ್ಪತ್ತು ದಾಟಿದ ಬೆರಳಿಗೆ ಇದು ಯೋಗಾಸನ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸಕ್ಕೆ ಹೊರಳುವುದೇ ಜಾಣತನ. ಅಲ್ಲಿ ಇಡೀ ಕನ್ನಡ ವರ್ಣಮಾಲೆ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಹಿಡಿಯುತ್ತದೆ. ಆ ಲೆಕ್ಕಕ್ಕೆ 61 ಕೀಲಿಯೂ ದುಂದು ಎಂದು ತಾತ ಹೇಳಿಬಿಟ್ಟರೆ ಮೊಮ್ಮಗನಿಗೆ ಉತ್ತರವಿಲ್ಲ.

ಉಳಿದದ್ದು ಶುಚಿಯ ಮಾತು. ಮೆಕ್ಯಾನಿಕಲ್ ಕೀಲಿ ಒಟ್ಟು ಸುಮಾರು 4 ಮಿ.ಮೀ. ಇಳಿಯುತ್ತದೆ, 2 ಮಿ.ಮೀ. ಇಳಿದಾಗಲೇ ಅಕ್ಷರ ಮೂಡುತ್ತದೆ. ಆದ್ದರಿಂದ ಖಾರ ಅವಲಕ್ಕಿಯ ಸಾಸಿವೆ ಸಂದಿಗೆ ಬಿದ್ದರೆ ಹೇಗೋ ನಡೆಯುತ್ತದೆ. ಹುರಿಗಡಲೆ ಬಿದ್ದರೆ ನಡೆಯುವುದಿಲ್ಲ. ಅದು ಡಬ್ಲ್ಯೂ ಕೀಲಿಯ ಕೆಳಗೇ ಸಿಕ್ಕಿಕೊಂಡರೆ ಆಟದ ವೀರ ಹೆಜ್ಜೆ ಮುಂದಿಡಲಾರದೆ ನಿಂತಲ್ಲೇ ಗುಂಡು ತಿನ್ನುತ್ತಾನೆ. ಆಗ ತಂತಿಯ ಚಿಮುಟದಿಂದ ಕೀಲಿಯ ಟೋಪಿಗಳನ್ನಷ್ಟೇ ಎತ್ತಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಕೂರಿಸಬೇಕು. ಎತ್ತುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಸ್ಪೇಸ್ ಬಾರಿನ ಅಡಿಯಲ್ಲಿ ಅದನ್ನು ಸಮತಟ್ಟಾಗಿಡುವ ತಂತಿ ಇರುವುದರಿಂದ ಅದನ್ನು ಅಮ್ಮನ ದೋಸೆ ಮಗುಚುವ ಕೈಯಿಂದ ಎಬ್ಬಬಾರದು.