ಗೋವಾದ ಬಾಗಿಲು

ನಮ್ಮ ದೇವರ ಹಿಪ್ಪರಗಿಯಲ್ಲಿ ದೇವರಿಗೆ ಬರವಿಲ್ಲ, ಊರ ಹೆಸರಿನಲ್ಲೇ ಬಂದು ಕೂತಿದ್ದಾನೆ. ತಕರಾರು ಇರುವುದು ಅವನು ಹೇಳಿದ್ದೇನು ಎಂಬುದರಲ್ಲಿ.

ಓಣಿ ತಿರುವಿನಲ್ಲಿ ಇಸ್ತ್ರಿ ಅಂಗಡಿ ಇಟ್ಟ ಗೆಳೆಯನೊಬ್ಬ ಆಯಿತವಾರ ತಪ್ಪದೆ ಪ್ರೇಯರಿಗೆ ಹೋಗುತ್ತಾನೆ. ಚಪ್ಪಾಳೆ, ಹಾಡು, ಆತ್ಮ ತುಂಬಿ ಆಡುವ ಅನ್ಯಭಾಷೆ ಎಲ್ಲ ಇರುವ ಪ್ರೇಯರು. ಹೋದ ತಿಂಗಳು ಹೊರಗಿನಿಂದ ಬಂದ ದೇವಸೇವಕರೊಬ್ಬರು ಇವನ ತಲೆಯ ಮೇಲೆ ಕೈಯಿಟ್ಟು, ಅಂಗಡಿ ಬಿಟ್ಟು ಗೋವಾಕ್ಕೆ ಹೋಗು, ಅಲ್ಲಿ ನಿನಗೊಂದು ಬಾಗಿಲು ತೆರೆದಿರುವುದನ್ನು ದೇವರು ತೋರಿಸಿದ್ದಾನೆ ಅಂದರಂತೆ. ಮನೆಗೆ ಬಂದು ಹೇಳಿದರೆ ಹೆಂಡತಿ ರೊಟ್ಟಿ ಬಡಿಯುತ್ತಲೇ, "ಆ ಬಾಗಲಾ ಇರೂ ಮನಿ ಬಾಡಗಿ ಎಷ್ಟಂತನೂ ತೋರಿಸ್ಯಾನೇನು?" ಅಂದಳಂತೆ.

ಇಂಥ ಮಾತು ನಮಗೆ ಹೊಸದಲ್ಲ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಸಾಲು ಕಾರಣಿಕ ನುಡಿಯುತ್ತಾನೆ. ಅದೇ ಸಾಲಿನಲ್ಲಿ ರೈತನಿಗೆ ಮಳೆ ಕೇಳಿಸುತ್ತದೆ, ಅಡತಿಯವನಿಗೆ ತೊಗರಿ ರೇಟು, ಶಾಸಕನಿಗೆ ಮಂತ್ರಿಗಿರಿ. ಒಳಗಿನ ದನಿಯದೂ ಇದೇ ರೋಗ. ನನಗೂ ಆಗಾಗ ಕೇಳಿಸುತ್ತದೆ. ಕೈಗಡ ತೀರಿಸು ಎಂದು ಅದು ಈವರೆಗೆ ಒಮ್ಮೆಯೂ ಅಂದಿಲ್ಲ. ಇನ್ನೆರಡು ಮಿರ್ಚಿ ತಿನ್ನು ಎಂದು ಬೇಕಾದಷ್ಟು ಸಲ ಅಂದಿದೆ.

ಅಂಗಿ ಕೊಡಲು ಹೋದಾಗ, "ಗೋವಾ ಯಾವಾಗಪಾ?" ಎಂದೆ.

"ಪುಸ್ತಕಾ ನೋಡಾಕತ್ತೀನ್ರಿ ಸರ" ಅಂದ. ಮೇಜಿನ ಕೆಳಗಿಂದ ಸತ್ಯವೇದ ಹೊರಬಂತು. ಅಪೊಸ್ತಲರ ಕೃತ್ಯಗಳ ಪುಟದ ಮೇಲೆ ಇದ್ದಲಿನ ಬೆರಳಚ್ಚು. ಅಗಬನೆಂಬ ಪ್ರವಾದಿ ಪೌಲನ ನಡುಪಟ್ಟಿ ಬಿಚ್ಚಿಕೊಂಡು ತನ್ನ ಕೈಕಾಲನ್ನೇ ಕಟ್ಟಿಕೊಳ್ಳುತ್ತಾನೆ; ಯೆರೂಸಲೇಮಿಗೆ ಹೋದರೆ ಈ ಪಟ್ಟಿಯ ಧಣಿಯನ್ನು ಹೀಗೇ ಕಟ್ಟುತ್ತಾರೆ ಎನ್ನುತ್ತಾನೆ. ಎಲ್ಲರೂ ಅತ್ತು ತಡೆದರೂ ಪೌಲ ಹೋದ. ಹೋದಲ್ಲಿ ಬೇಡಿಯೂ ಬಿತ್ತು.

"ಪ್ರವಾದನಿ ಖರೇನ್ರಿ. ಆದ್ರ ಹೋಗಬ್ಯಾಡ ಅಂದವ್ರು ಮಂದಿ" ಅಂದ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ಸಣ್ಣ ವಾಕ್ಯದಲ್ಲಿ ಇಷ್ಟು ದೊಡ್ಡ ಭೇದ ಹೇಳಲು ಬಂದಿರಲಿಲ್ಲ.

ಅದೇ ಪೌಲ ಬೆರೋಯದಲ್ಲಿ ಬೋಧಿಸಿದಾಗ ಊರವರು ದಿನಾ ಶಾಸ್ತ್ರ ತೆರೆದು ಅವನ ಮಾತನ್ನು ತಾಳೆ ನೋಡಿದರು. ಪುಸ್ತಕ ಅವರನ್ನು ಬೈಯುವುದಿಲ್ಲ, ಹೊಗಳುತ್ತದೆ. ಪ್ರವಾದಿಗಳು ಇಬ್ಬರೋ ಮೂವರೋ ಮಾತಾಡಲಿ, ಉಳಿದವರು ತೂಗಿ ನೋಡಲಿ ಎಂದು ಕೊರಿಂಥದವರಿಗೆ ಬರೆದವನೂ ಪೌಲನೇ. ತಕ್ಕಡಿ ಕೇಳುವವರ ಕೈಯಲ್ಲಿ. ನಮ್ಮೂರಿನ ಮಡಿವಾಳ ಮಾಚಿದೇವರು ಬಸವಣ್ಣನವರನ್ನೂ ಬಿಡಲಿಲ್ಲವಲ್ಲ. ಕೊಡುವವನು ನಾನೆಂಬ ಭಾವ ಇಣುಕಿದಾಗ ಮುಖಕ್ಕೇ ಹೇಳಿದರೆಂದು ಕಥೆಯಿದೆ.

ಪುಸ್ತಕ ಹಿಡಿದವರೂ ತಮಗೆ ಬೇಕಾದ ಪುಟವನ್ನೇ ತೆಗೆಯುತ್ತಾರೆ, ನಿಜ. ಆದರೆ ಪುಸ್ತಕವನ್ನು ಪಕ್ಕದವನೂ ಓದಬಹುದು. ನನ್ನ ಒಳದನಿಯನ್ನು ಮತ್ತೊಬ್ಬರು ಓದಲಾರರು. ನನ್ನ ಹೆಂಡತಿ ಓದುತ್ತಾಳೆ, ಅದು ಬೇರೆ ಮಾತು.

ಈ ವಿಷಯದಲ್ಲಿ ನನಗೆ ದೊಡ್ಡವರಾಗಿ ಕಾಣುವವರು ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಸೋಲಾಪುರದಿಂದ ಪುಣೆಯ ರೈಲು ಹತ್ತಿದರೆ ದಾರಿಯಲ್ಲಿ ಸಿಗುವ ಕೇಡಗಾವದಲ್ಲಿ ನಿರ್ಗತಿಕ ಹೆಣ್ಣುಮಕ್ಕಳಿಗಾಗಿ ಅವರು ಕಟ್ಟಿದ ಮುಕ್ತಿ ಸದನ. 1905ರಲ್ಲಿ ಅಲ್ಲಿನ ಹುಡುಗಿಯರು ಮೈಗೆ ಬೆಂಕಿ ಹತ್ತಿದವರಂತೆ ಅತ್ತು ಕೂಗಿ ಪ್ರಾರ್ಥಿಸತೊಡಗಿದರು. ಮುಂದೆ ಅನ್ಯಭಾಷೆಯೂ ಕೇಳಿಸಿತು. ಲಾಸ್ ಏಂಜಲಿಸ್‌ನ ಇಂಥದೇ ಪ್ರಾರ್ಥನೆಗೆ ಹೆಸರಾದ ಅಜೂಸಾ ಬೀದಿಯ ಸಭೆಗಳು ಶುರುವಾದದ್ದೇ ಮರುವರ್ಷ. ರಮಾಬಾಯಿ ಆ ಬೆಂಕಿಗೆ ನೀರು ಸುರಿಯಲಿಲ್ಲ. ತಾವು ಮಾತ್ರ ಹೀಬ್ರೂ, ಗ್ರೀಕ್ ಹಿಡಿದು ಇಡೀ ಬೈಬಲನ್ನು ಮರಾಠಿಗೆ ತರುತ್ತ ಕೂತರು. ಅಚ್ಚಿನ ಮೊಳೆ ಜೋಡಿಸಿದವರೂ ಮುಕ್ತಿಯ ಹೆಣ್ಣುಮಕ್ಕಳೇ. 1922ರಲ್ಲಿ ತೀರಿಕೊಳ್ಳುವವರೆಗೂ ಅವರ ಮುಂದಿದ್ದದ್ದು ಅದೇ ಕೆಲಸ. ಪ್ರಾರ್ಥನೆಯ ಗದ್ದಲದ ಪಕ್ಕದ ಕೋಣೆಯಲ್ಲಿ ವ್ಯಾಕರಣ!

ಗೆಳೆಯ ಪುಸ್ತಕ ಮುಚ್ಚಿ ಪೆಟ್ಟಿಗೆಯ ಇದ್ದಲಿಗೆ ಗಾಳಿ ಹಾಕಿದ. ಒದ್ದೆ ಬೆರಳು ಕೊಡವಿದ, ಚುರ್ರೆಂದಿತು. ಮೊದಲು ಹಳೆಯ ಪಂಚೆಯ ತುಂಡಿನ ಮೇಲೆ ಎರಡು ಸಲ ಎಳೆದು, ಆಮೇಲೆ ನನ್ನ ಬಿಳಿ ಅಂಗಿಗೆ ಬಂದ.

ಗೋವಾಕ್ಕೆ ಅವನಿನ್ನೂ ಹೋಗಿಲ್ಲ. ಅಂಗಡಿ ಮುಂಜಾನೆ ಎಂಟಕ್ಕೆ ತೆರೆಯುತ್ತದೆ, ಅಂಗಿಗೆ ಹತ್ತು ರೂಪಾಯಿ.