ಸ್ವೆಟರಿಗೆ ಬಿಸಿಲು

ಧನುರ್ಮಾಸ ಅರ್ಧ ಕಳೆದರೂ ನನ್ನ ಸ್ವೆಟರು ಬೀರುವಿನಿಂದ ಇಳಿದಿರಲಿಲ್ಲ. ಕೊನೆಗೆ ಮನೆಯಾಕೆಯೇ ಅದನ್ನು ನುಸಿಗುಳಿಗೆಗಳ ಸಹವಾಸದಿಂದ ಬಿಡಿಸಿ ಮಹಡಿಯ ತಂತಿಗೆ ಹಾಕಿದಳು. "ಇವತ್ತು ಹಾಕ್ಕೊಳ್ಳಲೇನೇ?" ಎಂದೆ. "ಬಿಸಿಲಿಗೆ ಹಾಕಿರೋದು, ನಿಮಗಲ್ಲ" ಎಂದಳು, ಫ್ಯಾನು ಇನ್ನಷ್ಟು ಜೋರು ಮಾಡುತ್ತ.

ನಮ್ಮ ಬೆಂಗಳೂರಿನ ಪಾರ್ಕಿನಲ್ಲಿ ಬೆಳಗಿನ ಹೊತ್ತು ಈ ಸೆಕೆಗೆ ಯಾರು ಕಾರಣ ಎಂಬ ಪಂಚಾಯಿತಿ ನಡೆಯುತ್ತದೆ. "ಎಲ್ಲಾ ಹವಾಮಾನ ಬದಲಾವಣೆ ಕಣ್ರೀ" ಎಂದು ಯಾರಾದರೂ ಹೇಳಿದರೆ ಸಾಕು, ರಾಯರು ಮಂಕಿಕ್ಯಾಪನ್ನು ಕಿವಿ ಮುಚ್ಚುವಂತೆ ಎಳೆದುಕೊಳ್ಳುತ್ತಾರೆ. ಆ ಟೋಪಿಯೇ ಅವರ ಸಿದ್ಧಾಂತ. "1884ರ ಜನವರಿ 13ಕ್ಕೆ ಈ ಊರಲ್ಲಿ 7.8 ಡಿಗ್ರಿ!" ಎಂದು, ಆ ದಿನ ತಾವೇ ಹಾಲು ತರಲು ಹೋಗಿ ನಡುಗಿ ಬಂದವರಂತೆ ಹೇಳುತ್ತಾರೆ. ಆ ದಾಖಲೆಯನ್ನು ಆಮೇಲಿನ ಯಾವ ಚಳಿಯೂ ಮುರಿದಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಎಲ್ಲಕ್ಕೂ ಹವಾಮಾನ ಬದಲಾವಣೆಯನ್ನೇ ದೂರಬೇಡಿ ಎನ್ನುವ ರಾಯರ ವಾದ ಪೂರ್ತಿ ತಪ್ಪೇನೂ ಅಲ್ಲ. ಒಂದು ರಾತ್ರಿಯ ಸೆಕೆಗೆ ಆರೋಪಿಗಳು ಹಲವರು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಮೋಡ ಕವಿದು, ನೆಲದ ಬಿಸಿ ಆಕಾಶಕ್ಕೆ ಹೋಗದಂತೆ ಕಂಬಳಿ ಹೊದಿಸುತ್ತದೆ. ಹಗಲಿಡೀ ಕಾದ ಕಾಂಕ್ರೀಟು ರಾತ್ರಿಯೆಲ್ಲ ಬಿಸಿಯುಸಿರು ಬಿಡುತ್ತದೆ. ದೂರದ ಪೆಸಿಫಿಕ್ ಸಾಗರ ಕಾದರೆ ಎಲ್‌ನಿನೊ. ಕ್ರಿಸ್‌ಮಸ್ ಹೊತ್ತಿಗೆ ಬರುತ್ತದೆಂದು ಪೆರುವಿನ ಮೀನುಗಾರರು ಬಾಲಯೇಸುವಿನ ಹೆಸರಿಟ್ಟ ಅದು, ನಮ್ಮ ಅವರೆಕಾಯಿ ಕಾಲಕ್ಕೂ ಕೈ ಹಾಕುತ್ತದೆ.

ಇಲ್ಲಿ ನನಗೆ ಬಾಲ್ಯದ ಹಾಲಿನವನು ನೆನಪಾಗುತ್ತಾನೆ. ಹಾಲು ತೆಳ್ಳಗಾದ ದಿನ ಅಜ್ಜಿ ಕೇಳಿದರೆ "ಹಸು ಹಸಿಹುಲ್ಲು ಮೇಯ್ದಿದೆ ಅಮ್ಮಾವ್ರೇ" ಎನ್ನುತ್ತಿದ್ದ. ಒಂದು ದಿನದ ಮಟ್ಟಿಗೆ ಅದು ನಿಜವೂ ಇದ್ದೀತು. ಅಜ್ಜಿ ಜಗಳಕ್ಕೆ ಹೋಗಲಿಲ್ಲ. ತಿಂಗಳಿಡೀ ಬೆಣ್ಣೆ ಎಷ್ಟು ಬಂತೆಂದು ನೋಡಿ, ಹೋದ ವರ್ಷದ ಉಂಡೆಗೆ ಹೋಲಿಸಿದಳು. ವಿಜ್ಞಾನಿಗಳ ದಾರಿಯೂ ಹೆಚ್ಚುಕಡಿಮೆ ಅದೇ. ನಾವು ಹೊಗೆ ಬೆರೆಸದ ಲೋಕವೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಬೆರೆಸಿದ ಲೋಕದ ಪಕ್ಕದಲ್ಲಿಟ್ಟು, ಇಂಥ ಸೆಕೆ ಅಲ್ಲೆಷ್ಟು ಸಲ, ಇಲ್ಲೆಷ್ಟು ಸಲ ಎಂದು ಎಣಿಸುತ್ತಾರೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಇದ್ದ ಇಂಗಾಲದ ಡೈಆಕ್ಸೈಡು ಈಗ 420 ದಾಟಿದೆ. 1901ರಿಂದ ಇಟ್ಟ ಲೆಕ್ಕದಲ್ಲಿ 2024ರಷ್ಟು ಬಿಸಿಯ ವರ್ಷವನ್ನು ದೇಶ ಅದುವರೆಗೆ ಕಂಡಿರಲಿಲ್ಲ. ಒಂದು ದಿನಕ್ಕೆ ಹಸಿಹುಲ್ಲಿನ ನೆಪ ಸರಿ. ಬೆಣ್ಣೆಯ ಉಂಡೆ ಸುಳ್ಳು ಹೇಳುವುದಿಲ್ಲ.

ನೀರು ಬೆರೆಸಿದವರು ಯಾರು ಎಂದು ಮಾತ್ರ ಕೇಳಬೇಡಿ. ಎರಡು ಬೀದಿ ಆಚೆ ಸಿಗುವ ಅವರೆಕಾಯಿಗೂ ನಾನು ಸ್ಕೂಟರಿನಲ್ಲೇ ಹೋಗುವುದು. "ಇಬ್ಬನಿ ಬೀಳ್ದಿದ್ರೆ ಸೊಗಡೆಲ್ಲಿಂದ ಬರ್ಬೇಕು ಸ್ವಾಮಿ" ಎಂದು ಮಾರುವಾಕೆ ದೂರಿದಾಗ, ಎಂಜಿನ್ ಆರಿಸಲೂ ಮರೆತು ತಲೆಯಾಡಿಸಿದೆ.

ಶಿವರಾತ್ರಿಗೆ ಚಳಿ 'ಶಿವಶಿವಾ' ಎಂದು ಓಡುತ್ತದಂತೆ. ಈ ಸಲ ಸಂಕ್ರಾಂತಿಗೇ ಓಡಿತು. ಮರುದಿನ ರಾಯರು ಬರಿತಲೆಯಲ್ಲಿ ಪಾರ್ಕಿಗೆ ಬಂದರು.

"ಟೋಪಿ ಎಲ್ಲಿ ರಾಯರೇ?" ಎಂದೆ.

"ಒಗೆಯೋಕೆ ಹಾಕಿದೀನಿ" ಎಂದರು. ಜೇಬಿನಿಂದ ಅದರ ಕುಚ್ಚು ಇಣುಕುತ್ತಿತ್ತು.