ಹಾಸನದ ಟಿಕೆಟ್ ಕೇಳುವವರಿಗೆ ಒಂದು ಬಹಿರಂಗ ಪತ್ರ

2029ರ ಸಂಭಾವ್ಯ ಅಭ್ಯರ್ಥಿ ಮಹಾಶಯರೇ,

ಲೋಕಸಭಾ ಚುನಾವಣೆಗೆ ಇನ್ನೂ ಕಾಲವಿದೆ. ಆದರೆ ನಾಮಕರಣಕ್ಕೂ ತಿಥಿಗೂ ತಪ್ಪದೆ ಹಾಜರಾಗುವುದನ್ನು, ಜಾತ್ರೆಯ ಫ್ಲೆಕ್ಸ್‌ಗಳಲ್ಲಿ ಕೈಮುಗಿದು ನಿಲ್ಲುವುದನ್ನು ಈಗಿನಿಂದಲೇ ಶುರು ಮಾಡಿಕೊಂಡರೆ ತಪ್ಪೇನಿಲ್ಲ. ಹೈಕಮಾಂಡಿಗೆ ಅರ್ಜಿ ಬರೆಯುವ ಮೊದಲು ಈ ಪತ್ರವನ್ನೊಮ್ಮೆ ಓದಿಕೊಳ್ಳಿ.

ಅರ್ಜಿಯಲ್ಲಿ ಮೊದಲು ತುಂಬಬೇಕಾದ್ದು ತಾತನ ಹೆಸರು. ವಿದ್ಯಾರ್ಹತೆ, ಅನುಭವ ಇವೆಲ್ಲ ಆಮೇಲೆ. 2024ರ ಏಪ್ರಿಲ್ 26ರಂದು ಮತದಾರರ ಮುಂದಿದ್ದ ಮುಖ್ಯ ಅಭ್ಯರ್ಥಿಗಳು ಇಬ್ಬರು. ಒಬ್ಬರು ಎಚ್.ಡಿ. ದೇವೇಗೌಡರ ಮೊಮ್ಮಗ ಪ್ರಜ್ವಲ್ ರೇವಣ್ಣ, ಇನ್ನೊಬ್ಬರು ಜಿ. ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್. ತಾತಂದಿರು 1989ರಲ್ಲಿ ಹೊಳೆನರಸೀಪುರದ ವಿಧಾನಸಭಾ ಕಣದಲ್ಲಿ, 1999ರಲ್ಲಿ ಹಾಸನದ ಲೋಕಸಭಾ ಕಣದಲ್ಲಿ ಎದುರಾಗಿದ್ದರು. ಎರಡು ಸಲವೂ ಗೆದ್ದವರು ಪುಟ್ಟಸ್ವಾಮಿಗೌಡರು. ಶ್ರೇಯಸ್ ಅವರ ತಾಯಿ ಅನುಪಮಾ 2013ರಲ್ಲಿ ಹೊಳೆನರಸೀಪುರದಲ್ಲಿ ದೇವೇಗೌಡರ ಮಗ, ಪ್ರಜ್ವಲ್ ಅವರ ತಂದೆ ರೇವಣ್ಣನವರ ಎದುರು ನಿಂತು ಸೋತರು. 2023ರಲ್ಲಿ ಮಗನೂ ಅದೇ ರೇವಣ್ಣನವರ ಎದುರು ಬರೀ 3,152 ಮತಗಳಿಂದ ಸೋತರು. ಮರುವರ್ಷವೇ ಲೋಕಸಭೆಗೆ ನಿಂತು 42,649 ಮತಗಳಿಂದ ಗೆದ್ದರು. ಇಪ್ಪತ್ತೈದು ವರ್ಷಗಳ ಬಳಿಕ ಕಾಂಗ್ರೆಸ್ಸಿಗೆ ಹಾಸನ ದಕ್ಕಿತು. ಹೋದ ಸಲ ದಕ್ಕಿಸಿಕೊಟ್ಟವರು ತಾತ, ಈ ಸಲ ಮೊಮ್ಮಗ. ವಂಶಾಡಳಿತಕ್ಕೆ ಹಾಸನ ಪಾಠ ಕಲಿಸಿತೆಂದು ಫಲಿತಾಂಶ ಬಂದ ಜೂನ್ 4ರ ಸಂಜೆ ಟಿವಿಯಲ್ಲಿ ಹೇಳಿದವರು ಈ ಸಣ್ಣ ವಿವರವನ್ನು ಜಾಹೀರಾತಿನ ವಿರಾಮದಲ್ಲಿ ಕಳೆದುಕೊಂಡಿದ್ದರು.

ತಾತ ದೊಡ್ಡವರಾಗಿದ್ದರೆ ಸಾಕು ಎಂದೂ ತಿಳಿಯಬೇಡಿ. ಹರದನಹಳ್ಳಿಯ ದೇವೇಗೌಡರನ್ನು 1962ರಲ್ಲಿ ಪಕ್ಷೇತರರಾಗಿ ಗೆಲ್ಲಿಸಿ ವಿಧಾನಸಭೆಗೆ ಕಳಿಸಿದ ಹೊಳೆನರಸೀಪುರವೇ 1989ರಲ್ಲಿ ಅವರನ್ನು ಸೋಲಿಸಿತು. ಪ್ರಧಾನಿ ಹುದ್ದೆಯಿಂದ ಇಳಿದು ಮೂರು ವರ್ಷವೂ ತುಂಬಿರಲಿಲ್ಲ, 1999ರಲ್ಲಿ ಹಾಸನ ಮತ್ತೊಮ್ಮೆ ಸೋಲಿಸಿತು. ಅದೇ ಚುನಾವಣೆಯಲ್ಲಿ ಹೊಳೆನರಸೀಪುರದವರು ಮಗ ರೇವಣ್ಣನವರನ್ನೂ ಬಿಡಲಿಲ್ಲ. ಆಮೇಲೆ 2004ರಿಂದ ಮೂರು ಸಲ ಹಾಸನದವರು ಲೋಕಸಭೆಗೆ ದೇವೇಗೌಡರನ್ನೇ ಆರಿಸಿ ಕಳಿಸಿದರು. ಕೋಪ ಬಂದರೆ ಮನೆಗೆ ಕಳಿಸುವುದು, ಕರಗಿದ ಮೇಲೆ ತಾವೇ ಹೋಗಿ ಕರೆತರುವುದು ಈ ಮತದಾರರ ಹಳೆಯ ರೂಢಿ. ಇದಕ್ಕೆ ನಿಂಬೆಹಣ್ಣಿನಲ್ಲಿ ಪರಿಹಾರವಿದ್ದಿದ್ದರೆ, ನಿಂಬೆಹಣ್ಣು ಹಿಡಿದೇ ಓಡಾಡುವ ರೇವಣ್ಣನವರು ಎಂದೂ ಸೋಲುತ್ತಲೇ ಇರಲಿಲ್ಲ.

ಕಣ್ಣೀರಿನ ಬಳಕೆ ಕಲಿಯಬೇಕಾದ ಇನ್ನೊಂದು ವಿದ್ಯೆ. 2019ರ ಮಾರ್ಚ್‌ನಲ್ಲಿ ಮೂಡಲಹಿಪ್ಪೆಯ ವೇದಿಕೆಯಲ್ಲಿ ಕ್ಷೇತ್ರವನ್ನು ಮೊಮ್ಮಗ ಪ್ರಜ್ವಲ್‌ಗೆ ಬಿಟ್ಟುಕೊಡುವಾಗ ತಾತ ದೇವೇಗೌಡರು, ತಂದೆ ರೇವಣ್ಣ, ಮಗ ಮೂವರೂ ಅತ್ತರು. ಹಾಸನ 1,41,324 ಮತಗಳ ಅಂತರ ಕೊಟ್ಟು ಕಣ್ಣೀರು ಒರೆಸಿತು. ಆದರೆ ತುಮಕೂರಿಗೆ ಹೋದ ತಾತ ಅಲ್ಲಿ ಸೋತರು. ಫಲಿತಾಂಶದ ಮರುದಿನವೇ ಮೊಮ್ಮಗ ರಾಜೀನಾಮೆ ಕೊಟ್ಟು ಕ್ಷೇತ್ರವನ್ನು ತಾತನಿಗೇ ಮರಳಿಸುವುದಾಗಿ ಹೇಳಿದರು. ಆ ಮಾತಿನಲ್ಲಿ ಮಮತೆ ಇದ್ದಿರಬಹುದು. ಆದರೆ ಮೊನ್ನೆ ಮೊನ್ನೆ ಬಿಸಿಲಲ್ಲಿ ನಿಂತು ಓಟು ಹಾಕಿದ 6,76,606 ಜನರನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಪಕ್ಷ ಯಾವುದಿರಬೇಕು ಎಂಬ ಚಿಂತೆಯಿದ್ದರೆ ಅರಕಲಗೂಡಿಗೆ ಹೋಗಿ ಬನ್ನಿ. ಅಲ್ಲಿನ ಎ. ಮಂಜು 1999ರಲ್ಲಿ ಬಿಜೆಪಿಯಿಂದ, 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನಿಂದ, 2023ರಲ್ಲಿ ಜೆಡಿಎಸ್‌ನಿಂದ ಶಾಸಕರಾದವರು. ನಡುವೆ ಬಿಡುವಾದಾಗ 2014ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ದೇವೇಗೌಡರ ಎದುರು, 2019ರಲ್ಲಿ ಬಿಜೆಪಿ ಅಭ್ಯರ್ಥಿಯಾಗಿ ಪ್ರಜ್ವಲ್ ಎದುರು ಲೋಕಸಭೆಗೂ ನಿಂತು ಸೋತರು. ಪ್ರಜ್ವಲ್ ಅವರ ಆಯ್ಕೆಯನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರಲ್ಲಿ ಅವರೂ ಒಬ್ಬರು. ಆಸ್ತಿ ವಿವರ ಮುಚ್ಚಿಟ್ಟ ಕಾರಣಕ್ಕೆ 2023ರ ಸೆಪ್ಟೆಂಬರ್ 1ರಂದು ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧುಗೊಳಿಸಿತು. ಕೇಸು ಗೆದ್ದ ಹೊತ್ತಿಗೆ ಮಂಜು ಅವರು ಪ್ರಜ್ವಲ್ ಅವರದೇ ಪಕ್ಷದ ಶಾಸಕರು! ಗೆದ್ದಿದ್ದಕ್ಕೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದ ಕಕ್ಷಿದಾರ ಇವರೊಬ್ಬರೇ ಇರಬೇಕು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟು ಈ ಸಂಕಟದಿಂದ ಪಾರುಮಾಡಿತು. ಇನ್ನು ಅವರ ಹಳೆಯ ಎದುರಾಳಿ ಎ.ಟಿ. ರಾಮಸ್ವಾಮಿ ಅಷ್ಟರಲ್ಲಿ ಜೆಡಿಎಸ್ ಬಿಟ್ಟು ಬಿಜೆಪಿ ಸೇರಿದ್ದರು. ಆಮೇಲೆ ಎರಡೂ ಪಕ್ಷಗಳು ಮೈತ್ರಿ ಮಾಡಿಕೊಂಡವು. ಅರಕಲಗೂಡಿನಲ್ಲಿ ಯಾರು ಯಾರ ವಿರುದ್ಧ ಎಂಬುದನ್ನು ಬೂತ್ ಏಜೆಂಟರೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಾದ ಸ್ಥಿತಿ.

ಹಾಸನ ಪೇಟೆಯ ಮರ್ಜಿ ಬೇರೆ. 2018ರಲ್ಲಿ ಅದು ಜೆಡಿಎಸ್‌ನ ಎಚ್.ಎಸ್. ಪ್ರಕಾಶ್ ಅವರನ್ನು ಬಿಟ್ಟು ಬಿಜೆಪಿಯ ಪ್ರೀತಂ ಗೌಡರನ್ನು ಗೆಲ್ಲಿಸಿತು. ಪ್ರೀತಂ ಅವರು ರೇವಣ್ಣನವರೇ ಬಂದು ತಮ್ಮೆದುರು ನಿಲ್ಲಲಿ ಎಂದು ಪಂಥಾಹ್ವಾನ ಕೊಡುವ ಮಟ್ಟಕ್ಕೆ ಬೆಳೆದರು. 2023ರಲ್ಲಿ ರೇವಣ್ಣನವರ ಪತ್ನಿ ಭವಾನಿ ಇಲ್ಲಿ ಜೆಡಿಎಸ್ ಟಿಕೆಟ್ ಬಯಸಿದಾಗ, ದೇವೇಗೌಡರ ಇನ್ನೊಬ್ಬ ಮಗ ಕುಮಾರಸ್ವಾಮಿಯವರು ಸಾಮಾನ್ಯ ಕಾರ್ಯಕರ್ತನಿಗೇ ಕೊಡುವುದೆಂದು ಪಟ್ಟು ಹಿಡಿದರು. ಆ ಸಾಮಾನ್ಯ ಕಾರ್ಯಕರ್ತ ಸ್ವರೂಪ್, ತೀರಿಕೊಂಡ ಮಾಜಿ ಶಾಸಕ ಪ್ರಕಾಶ್ ಅವರ ಮಗ. ಹಾಸನದಲ್ಲಿ ಸಾಮಾನ್ಯನಾಗುವುದಕ್ಕೂ ಒಂದು ಮನೆತನ ಬೇಕು. ಸ್ವರೂಪ್ 7,854 ಮತಗಳಿಂದ ಗೆದ್ದರು.

ಮನೆತನದ ಈ ಮಾತು ಜಿಲ್ಲೆಯ ಗಡಿ ದಾಟಿಯೂ ಸಾಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಚೋಳೇನಹಳ್ಳಿಯಲ್ಲಿ ಹುಟ್ಟಿದ ಡಾ. ಸಿ.ಎನ್. ಮಂಜುನಾಥ್ 2024ರಲ್ಲೇ ಬೆಂಗಳೂರು ಗ್ರಾಮಾಂತರದಿಂದ ಸಂಸದರಾದರು. ಅವರು ದೇವೇಗೌಡರ ಅಳಿಯ. ಮಂಡ್ಯದಲ್ಲಿ ಮಗ ಕುಮಾರಸ್ವಾಮಿ ಗೆದ್ದರು, ಗ್ರಾಮಾಂತರದಲ್ಲಿ ಅಳಿಯ ಗೆದ್ದರು, ತವರಿನಲ್ಲಿ ಮಾತ್ರ ಮೊಮ್ಮಗ ಸೋತರು.

ಈಗ ಲೆಕ್ಕಕ್ಕೆ ಬರೋಣ. 2024ರಲ್ಲಿ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಆರರಲ್ಲಿ ಜೆಡಿಎಸ್ ಇಲ್ಲವೇ ಬಿಜೆಪಿ ಶಾಸಕರಿದ್ದರು. ಕಾಂಗ್ರೆಸ್ಸಿಗಿದ್ದದ್ದು ಅರಸೀಕೆರೆ, ಕಡೂರು ಎರಡೇ. 2019ರ ಜೆಡಿಎಸ್ ಮತ್ತು ಬಿಜೆಪಿ ಮತಗಳನ್ನು ಕೂಡಿದರೆ ಹನ್ನೆರಡು ಲಕ್ಷ ದಾಟುತ್ತದೆ. ಮೈತ್ರಿಯ ನಾಯಕರು ಕಾಗದದ ಮೇಲೆ ಆ ಕೂಡುವ ಲೆಕ್ಕ ಮಾಡಿ ನಿಶ್ಚಿಂತೆಯಿಂದ ಮಲಗಿದರು. ಪ್ರಜ್ವಲ್‌ಗೆ ಬಿದ್ದದ್ದು 6,30,339, ಶ್ರೇಯಸ್‌ಗೆ 6,72,988. ಊರ ಹಗೆಗಳು ದೆಹಲಿಯಲ್ಲಿ ನಡೆದ ಹಸ್ತಲಾಘವಕ್ಕೆ ಕರಗುವುದಿಲ್ಲ.

ಇನ್ನು ನಗುವಿಗೆ ಎಡೆಯಿಲ್ಲದ ಭಾಗ. ಮತದಾನಕ್ಕೆ ಕೆಲವೇ ದಿನಗಳಿರುವಾಗ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹರಿದಾಡಿದವು. ಅವುಗಳಲ್ಲಿದ್ದದ್ದು ದೌರ್ಜನ್ಯಕ್ಕೊಳಗಾದ ಹೆಂಗಸರ ಮುಖಗಳು, ಮರೆಮಾಡದೆ. ಹಂಚಿದವರಿಗೆ ಅದು ಪ್ರಚಾರದ ಕರಪತ್ರವಾಗಿತ್ತು. ನೋಡಿದವರಲ್ಲಿ ಎಷ್ಟೋ ಮಂದಿಗೆ ಮನರಂಜನೆಯಾಗಿತ್ತು. ಮುಖ ಬಯಲಾದ ಹೆಂಗಸರಿಗೆ ಊರಲ್ಲಿ ತಲೆಯೆತ್ತಲಾಗದಂತಾಯಿತು. ಆ ದೌರ್ಜನ್ಯದ ಆರೋಪ ಹೊತ್ತ ಅಭ್ಯರ್ಥಿ ಪ್ರಜ್ವಲ್ ಮತದಾನ ಮುಗಿದ ಬೆನ್ನಲ್ಲೇ ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು ಜರ್ಮನಿಗೆ ಹಾರಿದರು. ಮೇ ತಿಂಗಳಲ್ಲಿ ತಾತನೇ ಮೊಮ್ಮಗನಿಗೆ ಮರಳಿ ಬಾ ಎಂದು ಬಹಿರಂಗ ಎಚ್ಚರಿಕೆಯ ಪತ್ರ ಬರೆಯಬೇಕಾಯಿತು. ಮೇ 31ರಂದು ಮರಳಿದವರನ್ನು ವಿಶೇಷ ತನಿಖಾ ತಂಡ (ಎಸ್‌ಐಟಿ) ಬಂಧಿಸಿತು. 2025ರ ಆಗಸ್ಟ್ 2ರಂದು, ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಹಾಗಾದರೆ ಮತದಾರ ಎಲ್ಲ ತಿಳಿದೇ ಶಿಕ್ಷಿಸಿದನೆ? ಅವನ ಕೊರಳಿಗೆ ಹಾರ ಹಾಕುವ ಮೊದಲು ಒಂದು ಕಳೆಯುವ ಲೆಕ್ಕ ಮಾಡಿ. 2019ರಿಂದ 2024ಕ್ಕೆ ಪ್ರಜ್ವಲ್ ಕಳೆದುಕೊಂಡದ್ದು 46,267 ಮತ. ಜೊತೆಗಿದ್ದ ಪಕ್ಷವೇ ಕಾಂಗ್ರೆಸ್ಸಿನಿಂದ ಬಿಜೆಪಿಗೆ ಬದಲಾಗಿತ್ತು, ಪೆನ್‌ಡ್ರೈವ್ ಸುದ್ದಿ ಗುಸುಗುಸುವಾಗಿ ಹಬ್ಬಿತ್ತು, ಆದರೂ ಆರು ಲಕ್ಷದ ಮೂವತ್ತು ಸಾವಿರ ಬೆರಳುಗಳು ಜೆಡಿಎಸ್‌ನ ತೆನೆ ಹೊತ್ತ ಮಹಿಳೆಯ ಗುರುತನ್ನೇ ಒತ್ತಿದವು. ಕೆಲವರಿಗೆ ವಿಷಯ ಗೊತ್ತಿರಲಿಲ್ಲ. ಕೆಲವರು ನಂಬಲಿಲ್ಲ. ಗೊತ್ತಿದ್ದೂ ನಂಬಿಯೂ ಒತ್ತಿದವರು ಎಷ್ಟು ಮಂದಿ ಎಂದು ಮತಯಂತ್ರ ಹೇಳುವುದಿಲ್ಲ. ಮೂವತ್ತೊಂಬತ್ತು ದಿನ ಬೀಗದೊಳಗಿದ್ದು ಅದು ಕೊನೆಗೆ ಹೇಳಿದ್ದು ಸಂಖ್ಯೆಯನ್ನಷ್ಟೇ.

ಗೆದ್ದ ಮೇಲಿನ ಕೆಲಸ ಹೆಚ್ಚೇನಿಲ್ಲ. ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆರೆದು ದರ್ಶನ ಕೊಡುತ್ತಾಳೆ. ಸಂಸದರೂ ಅಷ್ಟು ಮಾಡಿದರೆ ಆಲೂಗಡ್ಡೆ ಬೆಳೆದವರು, ಆನೆ ಕಾಟದಿಂದ ನಿದ್ದೆಗೆಟ್ಟ ಸಕಲೇಶಪುರದವರು ತಮ್ಮ ಅಹವಾಲನ್ನಾದರೂ ಹೇಳಿಕೊಂಡಾರು.

ಕೊನೆಗೊಂದು ಮಾತು. 1952ರಿಂದ ಇಲ್ಲಿಯವರೆಗೆ ಹಾಸನ ಒಬ್ಬ ಮಹಿಳೆಯನ್ನೂ ಲೋಕಸಭೆಗೆ ಕಳಿಸಿಲ್ಲ. ತಾವು ಯಾರದೋ ಮಗನೋ ಮೊಮ್ಮಗನೋ ಆಗಿದ್ದರೆ, ಅರ್ಜಿಯನ್ನು ಹೈಕಮಾಂಡಿಗೆ ಕೊಡುವ ಮುನ್ನ ದಯವಿಟ್ಟು ಇದನ್ನು ಗಮನಿಸಿ.

ಇಂತಿ,
ಹಾಸನ ಲೋಕಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿರುವ ಒಂದು ಹೆಸರು